ಡಿಸೆಂಬರ್ 6ರ ಚೌಕ

ಸಿದ್ಧಕಟ್ಟೆ ಪೇಟೆಯಲ್ಲಿ ನನ್ನ ಸೋದರಮಾವನ ಮೈಕ್ ಸೆಟ್ ಅಂಗಡಿಗೆ ಲೆಕ್ಕದ ಪುಸ್ತಕ ಅಂತ ಒಂದಿರಲಿಲ್ಲ. ಗೋಡೆಯ ಕ್ಯಾಲೆಂಡರೇ ಪುಸ್ತಕ. ಯಾವ ದಿನ ಯಾರ ಮನೆಗೆ, ಎಷ್ಟು ಹಾರ್ನು, ಎಷ್ಟು ಟ್ಯೂಬ್‌ಲೈಟು, ಮುಂಗಡ ಬಂತೋ ಇಲ್ಲವೋ, ಎಲ್ಲವೂ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ. ಪೆನ್ನು ಮುಟ್ಟಿದರೆ ಮಾವ ಬೈಯುತ್ತಿದ್ದರು. "ಮದುವೆ ಮುರಿದು ಬೀಳಬಹುದು ಅಳಿಯ, ಕೋಲ ಸೂತಕದಲ್ಲಿ ಮುಂದೆ ಹೋಗಬಹುದು, ಉಜ್ಜಿ ಹಾಕಲಿಕ್ಕೆ ಬರಬೇಕು."

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ 1973ರಲ್ಲಿ ನಾನು ಆ ಅಂಗಡಿ ಸೇರಿದೆ. ಸಿದ್ಧಕಟ್ಟೆ ಎಂದರೆ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ನಡುವಿನ ಊರು. ಹಾಗಾಗಿ ನಮ್ಮ ಗಿರಾಕಿಗಳು ಅತ್ತ ಮೂಡುಬಿದಿರೆ ಕಡೆಯವರು, ಇತ್ತ ಬಂಟ್ವಾಳದವರು, ವೇಣೂರು ದಾಟಿ ಬೆಳ್ತಂಗಡಿಯವರು. ಮಾವ ತೀರಿಕೊಂಡ ಮೇಲೆ ಅಂಗಡಿ ನನ್ನದಾಯಿತು, ಕ್ಯಾಲೆಂಡರೂ ನನ್ನದಾಯಿತು. ಮಳೆಗಾಲದಲ್ಲಿ ಬಾಡಿಗೆ ಇರುವುದಿಲ್ಲ. ಖಾಲಿ ಕೂತ ಆ ದಿನಗಳಲ್ಲಿ, ರೇಡಿಯೋದಲ್ಲಿ ಕೇಳಿದ್ದು, ಪತ್ರಿಕೆಯಲ್ಲಿ ಓದಿದ್ದು, ಸಂಗೀತದವರ ಹುಟ್ಟು ಸಾವು, ಎಲ್ಲವನ್ನೂ ಆಯಾ ಚೌಕದಲ್ಲಿ ಬರೆದಿಡುವ ಚಟ ಹತ್ತಿತು. ವರ್ಷ ಬದಲಾದಾಗ ಹಳೆಯದರಿಂದ ಹೊಸದಕ್ಕೆ ಇಳಿಸುವುದು. ಹೆಂಡತಿ ಇದನ್ನು ನನ್ನ ಶ್ರಾದ್ಧದ ಪಟ್ಟಿ ಎಂದು ಕರೆಯುತ್ತಾಳೆ.

ಆ ಪಟ್ಟಿಯಲ್ಲಿ ಡಿಸೆಂಬರ್ 6ರ ಚೌಕ ಬೇಗ ತುಂಬಿತು. ನಮಗೆ ಅದು ತುಳುವಿನ ಜಾರ್ದೆ ತಿಂಗಳು. ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿರುತ್ತದೆ, ದೈವಗಳ ಕೋಲಗಳು ಸಾಲಾಗಿ ಬರುತ್ತವೆ, ಮದುವೆಯೂ ಇರುತ್ತದೆ. ಬಾಡಿಗೆ ಬರೆಯಲಿಕ್ಕೇ ಜಾಗ ಸಾಲದ ಚೌಕದೊಳಗೆ ನಾನು ಎಡಿಸನ್ನನ್ನೂ ತುರುಕಿದ್ದೆ.

ಎಡಿಸನ್ ಮೊದಲಿಗೆ ಬರಲೇಬೇಕು. ಅವನಿಲ್ಲದಿದ್ದರೆ ನಮಗೆ ಅನ್ನವಿಲ್ಲ. 1877ರ ಡಿಸೆಂಬರ್ 6ರಂದು, ಅಮೆರಿಕದ ನ್ಯೂಜೆರ್ಸಿಯ ಮೆನ್ಲೊ ಪಾರ್ಕಿನಲ್ಲಿ, ಎಡಿಸನ್ ಕೊಟ್ಟ ನಕ್ಷೆ ನೋಡಿಕೊಂಡು ಜಾನ್ ಕ್ರೂಸಿ ಎಂಬ ಮೆಕ್ಯಾನಿಕ್ಕು ಒಂದು ಯಂತ್ರ ಮುಗಿಸಿ ಕೊಟ್ಟ. ಗೆರೆ ಕೊರೆದ ಹಿತ್ತಾಳೆಯ ಉರುಳೆ, ಅದರ ಮೇಲೆ ಸುತ್ತಿದ ತವರದ ತೆಳು ಹಾಳೆ, ಒಂದು ಮುಳ್ಳು, ಕೈಯಿಂದ ತಿರುಗಿಸುವ ಹಿಡಿಕೆ. ಎಡಿಸನ್ ಅದಕ್ಕೆ ಬಾಯಿಟ್ಟು ಮಕ್ಕಳ ಕುರಿಮರಿ ಪದ್ಯ ಹೇಳಿದ, ಮುಳ್ಳನ್ನು ಮೊದಲಿನ ಜಾಗಕ್ಕೆ ತಂದು ಮತ್ತೆ ತಿರುಗಿಸಿದ. ಯಂತ್ರ ಅವನದೇ ದನಿಯಲ್ಲಿ ಪದ್ಯ ಒಪ್ಪಿಸಿತು. ನಾಲ್ಕಾರು ಸಲ ತಿರುಗಿಸುವಷ್ಟರಲ್ಲಿ ತವರದ ಹಾಳೆ ಸವೆದು ಹೋಗುತ್ತಿತ್ತು ಎಂಬುದು ನನಗೆ ಇಷ್ಟವಾದ ಸಂಗತಿ. ನಮ್ಮ ಅಂಗಡಿಯಲ್ಲೂ ಕೀ ಕೊಡುವ ಹಳೆಯ ಗ್ರಾಮಫೋನು ಒಂದಿತ್ತು. ಪ್ಲೇಟಿನ ಒಂದು ಬದಿಗೆ ಒಂದು ಮುಳ್ಳು, ಮತ್ತೆ ಬದಲಿಸಬೇಕು ಎಂಬುದು ಕಂಪೆನಿಯ ಮಾತು. ಮಾವ ಒಂದೇ ಮುಳ್ಳಿನಲ್ಲಿ ನಾಲ್ಕು ಬದಿ ಓಡಿಸುತ್ತಿದ್ದರು. ಅವರ ಪ್ಲೇಟುಗಳಲ್ಲಿ ಎಲ್ಲರಿಗೂ ಶೀತ ಆದ ಹಾಗೆ ಕೇಳುತ್ತಿತ್ತು.

ಇನ್ನು ನಮ್ಮವರು. ನೇತ್ರಾವತಿಯ ಆಚೆ ದಡದಲ್ಲಿ, ಪಾಣೆಮಂಗಳೂರು ದಾಟಿದರೆ, ಮೂಡ, ಮುನ್ನೂರು, ನಡು, ಪಡು ಎಂದು ನಾಲ್ಕು ಸಜೀಪಗಳು. ಅದರಲ್ಲಿ ಸಜೀಪಮೂಡದಲ್ಲಿ 1949ರ ಡಿಸೆಂಬರ್ 6ರಂದು ಹುಟ್ಟಿದವರು ಕದ್ರಿ ಗೋಪಾಲನಾಥರು. ತಂದೆ ತನಿಯಪ್ಪನವರು ನಾಗಸ್ವರದ ವಿದ್ವಾಂಸರು. ಮಗನ ಕೈಗೂ ಮೊದಲು ಬಂದದ್ದು ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಆ ಹುಡುಗನಿಗೆ ಹುಚ್ಚು ಹಿಡಿಯಿತು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಪಾಠ, ಆಮೇಲೆ ಮದ್ರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ. ಆ ಕೊಳವೆಯನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲಿಕ್ಕೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಿಡಿಯಿತು.

ಇಪ್ಪತ್ತು ವರ್ಷ ಯಾಕೆ ಎಂದು ಕೇಳುವವರು ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ನಾನು ನೋಡಿದ್ದೇನೆ, ಮೈಕ್ ಇಡುವವನಿಗೆ ಅದು ಉದ್ಯೋಗ. ಎರಡೂ ಬಾಯಿಯ ಹತ್ತಿರ ಸಪುರ, ತುದಿಗೆ ಅಗಲ. ಹಾಗಾಗಿ ದೂರದಿಂದ ದನಿಯಲ್ಲಿ ನಂಟು ಕೇಳುತ್ತದೆ. ಆದರೆ ನಾಗಸ್ವರದಲ್ಲಿ ತೂತಿಗೂ ಬೆರಳಿಗೂ ನಡುವೆ ಏನೂ ಇಲ್ಲ. ತೂತನ್ನು ಅರ್ಧ ಮುಚ್ಚಿ, ಕಾಲು ಮುಚ್ಚಿ, ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳು ಕೀಲಿಯನ್ನು ಒತ್ತುತ್ತದೆ, ಕೀಲಿ ಮುಚ್ಚಳವನ್ನು ಒತ್ತುತ್ತದೆ. ಒಂದೋ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು ಮಿಲಿಟರಿ ಬ್ಯಾಂಡುಗಳನ್ನು ಕಣ್ಣಲ್ಲಿಟ್ಟುಕೊಂಡು. ಗಮಕ ಅವನ ತಲೆಯಲ್ಲಿ ಇರಲಿಲ್ಲ. ಬೆರಳಿನ ಕೆಲಸವನ್ನೆಲ್ಲ ತುಟಿ ಮತ್ತು ಉಸಿರಿಗೆ ವಹಿಸಿಕೊಡಬೇಕು. ಆ ವರ್ಗಾವಣೆಗೆ ಇಪ್ಪತ್ತು ವರ್ಷ.

ಒಂದು ಒಳಗುಟ್ಟು ಹೇಳುತ್ತೇನೆ. ಸ್ಯಾಕ್ಸೋಫೋನಿನ ದೊಡ್ಡ ಬಾಯಿಗೇ ಮೈಕ್ ಹಿಡಿಯುವವನು ಕೆಲಸ ಗೊತ್ತಿಲ್ಲದವನು. ಕೆಳಗಿನ ಸ್ವರ ಮಾತ್ರ ಅಲ್ಲಿಂದ ಬರುವುದು. ಉಳಿದದ್ದು ತೆರೆದ ತೂತುಗಳಿಂದ ಬರುತ್ತದೆ. ಮೈಕ್ ಸ್ವಲ್ಪ ಮೇಲಿರಬೇಕು, ಕೀಲಿಗಳ ಎದುರು, ಒಂದು ಗೇಣು ದೂರ. ಇದು ನನಗೆ ಗೊತ್ತಾದದ್ದು ಒಂದು ಮದುವೆಯಲ್ಲಿ ಅರ್ಧ ಕೀರ್ತನೆ ನುಂಗಿ ಹಾಕಿದ ಮೇಲೆ.

1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ, ತಾನೂ ಸ್ಯಾಕ್ಸೋಫೋನಿನವ, ಗೋಪಾಲನಾಥರ ವಾದನ ಕೇಳಿ ಜತೆಗೆ ನುಡಿಸಲೇ ಎಂದು ಕೇಳಿ ವೇದಿಕೆ ಹತ್ತಿದ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ. ಕರ್ನಾಟಕ ಸಂಗೀತದವರಲ್ಲಿ ಅಲ್ಲಿಗೆ ಮೊದಲು ಕರೆ ಬಂದದ್ದು ಇವರಿಗೆ. ಅದೇ ವರ್ಷ ಕೆ. ಬಾಲಚಂದರ್ ಅವರ 'ಡ್ಯುಯೆಟ್', ಎ. ಆರ್. ರೆಹಮಾನ್ ಸಂಗೀತ. ನಾಯಕ ಪ್ರಭು ತೆರೆಯ ಮೇಲೆ ಊದಿದ್ದು ಸಜೀಪದವರ ಉಸಿರು. ನಾನೂ ಅವರನ್ನು ಮನಸ್ಸಿಟ್ಟು ಕೇಳಿದ್ದು ಆ ಕ್ಯಾಸೆಟ್ಟಿನಲ್ಲೇ. ನಮ್ಮಂಗಡಿಯಿಂದ ಒಂದು ಹೊಳೆ ದಾಟಿದರೆ ಸಿಗುವ ಊರಿನವರು, ಮದ್ರಾಸಿಗೆ ಹೋಗಿ, ತಮಿಳು ಸಿನಿಮಾ ಹೊಕ್ಕು, ಬಿ. ಸಿ. ರೋಡಿನ ಕ್ಯಾಸೆಟ್ ಅಂಗಡಿಯ ಮೂಲಕ ನನ್ನ ಕಿವಿಗೆ ಬಂದರು. ಅವರು ಹುಟ್ಟಿದಾಗ ನಮ್ಮ ಜಿಲ್ಲೆಯೇ ಮದ್ರಾಸು ಪ್ರಾಂತದಲ್ಲಿತ್ತು ಎಂದು ನೆನೆದು ಸಮಾಧಾನ ಮಾಡಿಕೊಂಡೆ.

ಅವರಿಂದಾಗಿ ಇಲ್ಲಿ ಆದದ್ದನ್ನು ಯಾರೂ ಪದ್ಮಶ್ರೀಯ ಸುದ್ದಿಯ ಜತೆ ಬರೆಯಲಿಲ್ಲ. ಆ ಪ್ರಶಸ್ತಿ 2004ರಲ್ಲಿ ಬಂತು. ಅಷ್ಟರೊಳಗೆ ನಮ್ಮ ಕಡೆಯ ವಾದ್ಯದವರ ಮನೆಗಳಲ್ಲಿ ನಾಗಸ್ವರ ಗೋಡೆಗೆ ಒರಗಿತ್ತು, ಸ್ಯಾಕ್ಸೋಫೋನ್ ಹೆಗಲೇರಿತ್ತು. ಮದುವೆಗೆ ಸ್ಯಾಕ್ಸೊ, ಜಾತ್ರೆಯ ಬಲಿಗೆ ಸ್ಯಾಕ್ಸೊ, ಕಡೆಗೆ ಕೋಲದ ಅಂಗಳದಲ್ಲೂ ಸ್ಯಾಕ್ಸೊ. ಬೆಲ್ಜಿಯಂನವನ ಹಿತ್ತಾಳೆಯ ಎದುರು ನಮ್ಮ ದೈವಗಳು ಗಗ್ಗರ ಕಟ್ಟಿ ಹೆಜ್ಜೆ ಹಾಕುತ್ತವೆ, ಯಾವ ದೈವವೂ ಆಕ್ಷೇಪಿಸಿದ್ದು ನಾನು ಕೇಳಿಲ್ಲ. ಆಕ್ಷೇಪ ನನ್ನದೇ. ನಾಗಸ್ವರಕ್ಕೆ ಮೈಕ್ ಬೇಕಾಗಿರಲಿಲ್ಲ, ಎರಡು ಗದ್ದೆ ಆಚೆಗೆ ಕೇಳುತ್ತಿತ್ತು. ಸ್ಯಾಕ್ಸೋಫೋನ್ ಬಂದ ಮೇಲೆ ನನಗೆ ಬಾಡಿಗೆ ಹೆಚ್ಚಿತು, ಹಾಗಾಗಿ ಆಕ್ಷೇಪವನ್ನು ಗಟ್ಟಿಯಾಗಿ ಹೇಳುವ ಯೋಗ್ಯತೆ ನನಗಿಲ್ಲ.

ಚೌಕದಲ್ಲಿ ಇನ್ನೊಬ್ಬ ಡೇವ್ ಬ್ರೂಬೆಕ್. 1920ರ ಡಿಸೆಂಬರ್ 6ರಂದು ಹುಟ್ಟಿದ ಪಿಯಾನೊದವನು. ರಾತ್ರಿ ಶಾರ್ಟ್‌ವೇವಿನಲ್ಲಿ ವಾಯ್ಸ್ ಆಫ್ ಅಮೆರಿಕಾದ ಜಾಝ್ ಕಾರ್ಯಕ್ರಮ ಬರುತ್ತಿತ್ತು. ಅದರ ವಿಲ್ಲಿಸ್ ಕೊನೊವರ್ ಮಕ್ಕಳಿಗೆ ಉಣಿಸುವಷ್ಟು ನಿಧಾನವಾಗಿ ಇಂಗ್ಲಿಷ್ ಆಡುತ್ತಿದ್ದುದರಿಂದ ನನ್ನಂಥ ಫೇಲಾದವನಿಗೂ ಅರ್ಥವಾಗುತ್ತಿತ್ತು. ಬ್ರೂಬೆಕ್ ತಂಡದ 1959ರ 'ಟೇಕ್ ಫೈವ್' ನಾನು ಕೇಳಿದ್ದು ಅಲ್ಲಿ. ಕಟ್ಟಿದವನು ತಂಡದ ಸ್ಯಾಕ್ಸೋಫೋನ್ ವಾದಕ ಪಾಲ್ ಡೆಸ್ಮಂಡ್. ಐದರ ಎಣಿಕೆ ಎಂದು ಅಮೆರಿಕದವರು ಬೆರಗಾದರಂತೆ. ಯಕ್ಷಗಾನದ ಆಟ ನೋಡಿ ಬೆಳೆದವನಿಗೆ ಅದರಲ್ಲಿ ಬೆರಗೇನೂ ಇಲ್ಲ, ಝಂಪೆ ತಾಳ ಎಂದುಕೊಂಡು ಮೇಜು ಕುಟ್ಟುತ್ತಾ ಕೂತೆ. ಅದಕ್ಕೂ ಒಂದು ವರ್ಷ ಮೊದಲು, 1958ರಲ್ಲಿ, ಅದೇ ತಂಡ ಅಮೆರಿಕ ಸರಕಾರದ ಖರ್ಚಿನಲ್ಲಿ ಭಾರತ ಸುತ್ತಿತ್ತು. ಆಗ ಗೋಪಾಲನಾಥರಿಗೆ ಎಂಟು ವರ್ಷ. 2012ರಲ್ಲಿ ಬ್ರೂಬೆಕ್ ತೀರಿಕೊಂಡದ್ದು ಡಿಸೆಂಬರ್ 5ಕ್ಕೆ. ಒಂದು ದಿನ ತಡೆದಿದ್ದರೆ ನನ್ನ ಚೌಕದಲ್ಲಿ ಒಂದೇ ಗೆರೆ ಸಾಕಿತ್ತು.

1969ರ ಡಿಸೆಂಬರ್ 6ರ ಬಗ್ಗೆ ಮೈಕಿನವನಾಗಿ ನನಗೆ ಸಿಟ್ಟೇ ಉಂಟು. ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ರೇಸ್ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಾರ್ಯಕ್ರಮ, ಸುಮಾರು ಮೂರು ಲಕ್ಷ ಜನ. ಕೊನೆ ಗಳಿಗೆಯಲ್ಲಿ ಜಾಗ ಬದಲಾಯಿತು. ಬೇರೊಂದು ಜಾಗದ ಏರಿಗೆಂದು ಮಾಡಿದ ಗಿಡ್ಡ ವೇದಿಕೆಯನ್ನು ತಗ್ಗಿನಲ್ಲಿ ತಂದು ನಿಲ್ಲಿಸಿದರು. ಎತ್ತರ ಮೂರು ಅಡಿ ಚಿಲ್ಲರೆ. ಕಾವಲಿಗೆ ಹೆಲ್ಸ್ ಏಂಜಲ್ಸ್ ಎಂಬ ಮೋಟಾರ್‌ಸೈಕಲ್ ಪಡೆ. ಹಾಡು ನಡೆಯುತ್ತಿರುವಾಗಲೇ ವೇದಿಕೆಯೆದುರು ಮೆರೆಡಿತ್ ಹಂಟರ್ ಎಂಬ 18ರ ಹುಡುಗನನ್ನು ಅವರಲ್ಲೊಬ್ಬ ಇರಿದು ಕೊಂದ. ಮೂಡುಬಿದಿರೆ ಕಡಲಕೆರೆಯ ಕಂಬಳಕ್ಕೆ ನಾನು ಬಾಕ್ಸ್ ಕಟ್ಟಿದವನು. ಹಗಲು ರಾತ್ರಿ ಜನ, ಕುಡಿದವರೂ ಇರುತ್ತಾರೆ, ಕೋಣಗಳೂ ಹೆದರಿರುತ್ತವೆ. ಅಲ್ಲಿ ಕಲಿತ ಮೊದಲ ಪಾಠ: ಹಿಂದಿನ ಸಾಲಿನವನಿಗೆ ಕಾಣಬೇಕು, ಕೇಳಬೇಕು. ಕಾಣದಿದ್ದರೆ ಅವನು ಮುಂದೆ ನೂಕುತ್ತಾನೆ.

1988ರ ಡಿಸೆಂಬರ್ 6ಕ್ಕೆ ರಾಯ್ ಆರ್ಬಿಸನ್ ತೀರಿಕೊಂಡ. ಮಸ್ಕತ್ತಿನಿಂದ ಅಕ್ಕನ ಮಗ ತಂದ ಕ್ಯಾಸೆಟ್ಟಿನಿಂದ ನನಗೆ ಗುರುತು. ಒಳ್ಳೆಯ ಗಂಟಲು.

ಮತ್ತೆ 1949ಕ್ಕೇ ಬರಬೇಕು. ಸಜೀಪಮೂಡದಲ್ಲಿ ಆ ಮಗು ಹುಟ್ಟಿದ ದಿನವೇ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಯಲ್ಲಿ ಲೆಡ್ ಬೆಲ್ಲಿ ತೀರಿಕೊಂಡ. ಹನ್ನೆರಡು ತಂತಿಯ ಗಿಟಾರಿನ ಕಪ್ಪು ಹಾಡುಗಾರ, ಹಲವು ವರ್ಷ ಜೈಲಿನಲ್ಲಿ ಕಳೆದವನು. ಜಾನ್ ಲೋಮ್ಯಾಕ್ಸ್ ಎಂಬ ಜಾನಪದದವರು ಮಗನನ್ನು ಕಟ್ಟಿಕೊಂಡು, ಕಾರಿನ ಹಿಂದೆ ಸುಮಾರು 140 ಕಿಲೊ ತೂಕದ ರೆಕಾರ್ಡಿಂಗ್ ಯಂತ್ರ ಹೇರಿಕೊಂಡು, 1933ರಲ್ಲಿ ಲೂಯಿಸಿಯಾನಾದ ಅಂಗೋಲಾ ಜೈಲಿಗೆ ಹೋಗಿ ಅವನ ದನಿಯನ್ನು ತಟ್ಟೆಗೆ ಇಳಿಸಿದರು. ಅವನ ಹಾಡೊಂದು ಬೇರೆಯವರ ಬಾಯಲ್ಲಿ ಅಮೆರಿಕದ ಮನೆಮಾತಾದದ್ದು 1950ರಲ್ಲಿ, ಅವನು ಸತ್ತ ಕೆಲವೇ ತಿಂಗಳಿಗೆ.

ಇಂಥದೇ ಒಂದು ನಮ್ಮ ಬೆಳ್ತಂಗಡಿ ತಾಲೂಕಿನಲ್ಲೂ ಆಯಿತು, ಅದೂ ಒಂದು ಡಿಸೆಂಬರಿನಲ್ಲೇ, ತಾರೀಕು ಮಾತ್ರ ನನ್ನ ಚೌಕದ್ದಲ್ಲ. 1990ರಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರೊಂದಿಗೆ ಕೂತು, ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಪಾಡ್ದನವನ್ನು ದಿನಗಟ್ಟಲೆ ಹಾಡಿಸಿ ಹಿಡಿದಿಟ್ಟರು. 15,683 ಸಾಲು. 1998ರಲ್ಲಿ ಹೆಲ್ಸಿಂಕಿಯಿಂದ ಪುಸ್ತಕವಾಗಿ ಬಂತು. ಬೇಸಾಯ ಮಾಡಿಕೊಂಡಿದ್ದವರ ನೆನಪಿನೊಳಗೆ ಅಷ್ಟು ಸಾಲು ಇದ್ದದ್ದು ಊರಿನವರಿಗೆ ಸುದ್ದಿಯೇ ಅಲ್ಲ. ಫಿನ್ಲೆಂಡಿನವರು ಬಂದದ್ದು ಸುದ್ದಿ.

ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನನ್ನ ಹತ್ತಿರವೂ ಯಂತ್ರ ಇತ್ತಲ್ಲ, 140 ಕಿಲೊ ಇಲ್ಲದ್ದು, ಕೈಯಲ್ಲಿ ಹಿಡಿಯುವಂಥದ್ದು. 1986ರ ಮಳೆಗಾಲ, ಏಣೆಲು ನಾಟಿ. ಹೊಸ ಟೇಪ್‌ರೆಕಾರ್ಡರಿನ ಉಮೇದಿನಲ್ಲಿ ಗದ್ದೆಬದುವಿನಲ್ಲಿ ಕೊಡೆ ಹಿಡಿದು ಕೂತು, ನೇಜಿ ನೆಡುತ್ತಿದ್ದ ನನ್ನ ದೊಡ್ಡಮ್ಮನಿಂದ ಒಂದು ಇಡೀ ಬದಿ ಪಾಡ್ದನ ಹಾಡಿಸಿಕೊಂಡಿದ್ದೆ. ಅವಳು ಮೊದಲು ಹೇಳುತ್ತಾಳೆ, ಉಳಿದ ಹೆಂಗಸರು ಎತ್ತಿಕೊಳ್ಳುತ್ತಾರೆ, ಹಿಂದೆ ನೀರಿನ ಸದ್ದು. ಮನೆಯಲ್ಲಿ ಒಂದೆರಡು ಸಲ ಹಾಕಿ ಕೇಳಿ ನಕ್ಕೆವು. ದೊಡ್ಡಮ್ಮ ತೀರಿಕೊಂಡಳು. 1994ರಲ್ಲಿ 'ಡ್ಯುಯೆಟ್' ಬಂದಾಗ, ಮದುವೆಯ ಗಿರಾಕಿಯೊಬ್ಬ ಸ್ಯಾಕ್ಸೋಫೋನಿನ ತುಂಡುಗಳೇ ಬೇಕೆಂದ. ಖಾಲಿ ಕ್ಯಾಸೆಟ್ ಹುಡುಕಿದೆ, ಇರಲಿಲ್ಲ. ಹೆಸರು ಬರೆಯದ ಒಂದು ಸಿಕ್ಕಿತು. ಕೆಂಪು ಗುಂಡಿ ಒತ್ತಿದೆ.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಆ ಸಂಜೆ ಅಟ್ಟದ ಪೆಟ್ಟಿಗೆಯಿಂದ ಆ ಕ್ಯಾಸೆಟ್ ತೆಗೆದು ಹಾಕಿದೆ. ಸ್ಯಾಕ್ಸೋಫೋನ್ ಚೆನ್ನಾಗಿಯೇ ಬಂತು. ಬದಿಯ ಕೊನೆಗೆ ಹಾಡು ಮುಗಿದು, ಟಕ್ ಎಂದಿತು, ಅಂದು ನಾನು ಗುಂಡಿ ಎತ್ತಿದ ಸದ್ದು. ಆಫ್ ಮಾಡಲು ಕೈ ಚಾಚಿದೆ. ಅಷ್ಟರಲ್ಲಿ ನೀರಿನ ಸದ್ದು ಶುರುವಾಯಿತು, ಹೆಂಗಸರ ನಗು, ಯಾರೋ ಕೆಮ್ಮಿದ್ದು. ಹಾಡು ಇರಲಿಲ್ಲ. ಅದು ಮೊದಲೇ ಮುಗಿದಿತ್ತು. ದೊಡ್ಡಮ್ಮ ಮೈಕಿನ ಹತ್ತಿರ ಬಂದು, "ಯಾವು ಮಗಾ, ಬರ್ಸ ಬರ್ಪುಂಡು" ಎಂದಳು. ಸಾಕು ಮಗ, ಮಳೆ ಬರುತ್ತದೆ ಎಂದು. ಆಮೇಲೆ ಟೇಪು ತೀರಿತು.