ಸುಲ್ತಾನರ ರಾಕೆಟ್‌ಗಳ ಉತ್ತರಕಥೆ

ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಮಕ್ಕಳಿಗೆ ತೋರಿಸುವಾಗ ಟಿಪ್ಪು ಸುಲ್ತಾನರ ರಾಕೆಟ್‌ಗಳ ಕಥೆಯನ್ನೂ ನಾವು ಅಭಿಮಾನದಿಂದ ಹೇಳುತ್ತೇವೆ. ಆದರೆ ಅದನ್ನು ಶ್ರೀರಂಗಪಟ್ಟಣದಲ್ಲಿಯೇ ನಿಲ್ಲಿಸಿಬಿಡುತ್ತೇವೆ. 1799ರಲ್ಲಿ ಸುಲ್ತಾನರು ಶಹೀದರಾದ ಬಳಿಕ ಅಲ್ಲಿ ದೊರೆತ ರಾಕೆಟ್‌ಗಳನ್ನು ಆಂಗ್ಲರು ಇಂಗ್ಲೆಂಡಿನ ವೂಲ್‌ವಿಚ್‌ಗೆ ಸಾಗಿಸಿದರು. ಕಬ್ಬಿಣದ ಕೊಳವೆಯು ಮದ್ದಿನ ಒತ್ತಡವನ್ನು ತಾಳುತ್ತಿದ್ದುದರಿಂದ ಅವು ಯುರೋಪಿನ ರಾಕೆಟ್‌ಗಳಿಗಿಂತ ಬಹುದೂರ ಹಾರುತ್ತಿದ್ದವು. ಅದೇ ಮಾದರಿಯಿಂದ ವಿಲಿಯಂ ಕಾಂಗ್ರೀವ್ ಬೆಂಕಿ ಹಚ್ಚುವ ರಾಕೆಟ್‌ಗಳನ್ನು ರೂಪಿಸಿದನು. 1807ರ ಸೆಪ್ಟೆಂಬರ್‌ನಲ್ಲಿ ಡೆನ್ಮಾರ್ಕಿನ ನೌಕಾಪಡೆಯನ್ನು ಕಸಿದುಕೊಳ್ಳಲು ಬ್ರಿಟಿಷರು ಕೋಪನ್‌ಹೇಗನ್ ನಗರದ ಮೇಲೆ ಫಿರಂಗಿ ಗುಂಡುಗಳೊಡನೆ ಇವುಗಳನ್ನೂ ಸುರಿಸಿದರು. ಬೇಕಾಗಿದ್ದುದು ಹಡಗುಗಳು, ಸುಟ್ಟದ್ದು ಮನೆಗಳನ್ನು.

ಬೆಂಕಿಯಿಂದ ಶಿಕ್ಷಿಸುವ ಅಧಿಕಾರವು ಬೆಂಕಿಯ ಒಡೆಯನಾದ ಅಲ್ಲಾಹನಿಗೆ ಮಾತ್ರ ಸೇರಿದ್ದೆಂಬ ಪ್ರವಾದಿ(ಸ)ರ ಉಪದೇಶವನ್ನು ಓದುವಾಗ ಆ ರಾಕೆಟ್‌ಗಳ ಈ ಉತ್ತರಕಥೆಯೂ ನಮ್ಮ ನೆನಪಿಗೆ ಬರಬೇಕು.

ಮುಂದೆ ಬೆಂಕಿಯು ವಿಮಾನವನ್ನೇರಿತು. ತಂತ್ರ ಬೇರೆ, ನೆಪ ಹಳೆಯದೇ. ಟೋಕಿಯೊದ ಮನೆಗಳ ನಡುವೆಯೇ ಸಣ್ಣ ಕಾರ್ಖಾನೆಗಳು ಹರಡಿಕೊಂಡಿವೆಯೆಂದು ಅಮೆರಿಕ ಸಮರ್ಥಿಸಿಕೊಂಡಿತು. 1945ರ ಮಾರ್ಚ್ 9ರ ನಡುರಾತ್ರಿ ಅದರ 279 ಬಾಂಬರ್ ವಿಮಾನಗಳು ಆ ಮರದ ಮನೆಗಳ ಮೇಲೆ ನೇಪಾಮ್ ತುಂಬಿದ ಬಾಂಬುಗಳನ್ನು ಸುರಿಯತೊಡಗಿದವು. ಬೆಳಗಾಗುವಷ್ಟರಲ್ಲಿ ಸತ್ತವರು ಸುಮಾರು 1,00,000.