ಮುಖ ಕಾಣದ ಸಾಕ್ಷಿಗಳು

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ನಮ್ಮ ಹಿರಿಯರ ಮಾತು. ಹಾಗಿರುವಾಗ, ಮುಖವನ್ನೇ ಕಾಣದ ಸಾಕ್ಷಿಯ ಮಾತನ್ನು ಪ್ರಮಾಣವೆಂದು ಹಿಡಿದರೆ ಆಪಾದಿತನ ಗತಿಯೇನು? ಅಮೆರಿಕದ ವಿಲಿಯಂ ಗ್ರೀನ್ ಎಂಬ ಎಂಜಿನಿಯರರು ಆರು ವರ್ಷಗಳ ಕಾಲ ಕೇಳುತ್ತಿದ್ದ ಪ್ರಶ್ನೆ ಇದೇ.

ಗ್ರೀನರು ಸೇನೆಗಾಗಿ ಕೆಲಸ ಮಾಡುತ್ತಿದ್ದ ಖಾಸಗಿ ಸಂಸ್ಥೆಯೊಂದರ ಉಪಾಧ್ಯಕ್ಷರು; ವರ್ಷಕ್ಕೆ 18,000 ಡಾಲರ್ ಸಂಬಳ. ಸರ್ಕಾರದ ಗುಪ್ತ ಕಾಗದಪತ್ರಗಳನ್ನು ನೋಡುವ ರಹದಾರಿ ಅವರಿಗಿತ್ತು. 1953ರ ಏಪ್ರಿಲ್‌ನಲ್ಲಿ ನೌಕಾ ಕಾರ್ಯದರ್ಶಿ ಅದನ್ನು ಕಿತ್ತುಕೊಂಡರು. ರಹದಾರಿಯೊಡನೆ ನೌಕರಿಯೂ ಹೋಯಿತು. ವಿಮಾನಶಾಸ್ತ್ರ ಬಲ್ಲವರು ಕಟ್ಟಡಗಳ ನಕ್ಷೆ ಬರೆಯುತ್ತ 4,400 ಡಾಲರಿಗೆ ಇಳಿದರು.

ಅವರ ಮೇಲಿನ ದೂರಾದರೂ ಏನು? ವಿಚ್ಛೇದನಗೊಂಡಿದ್ದ ಮೊದಲ ಪತ್ನಿಯೂ ಆ ಕಾಲದ ಕೆಲವು ಪರಿಚಿತರೂ ಕಮ್ಯುನಿಸ್ಟರೆಂಬ ಗುಮಾನಿಯೇ ಅದರಲ್ಲಿ ಮುಖ್ಯ. ಗ್ರೀನರು ಮೇಲ್ಮನವಿ ಸಲ್ಲಿಸಿದರು. 1954ರ ವಿಚಾರಣೆಯಲ್ಲಿ ಅವರ ಪರವಾದ ಸಾಕ್ಷಿಗಳು ಎದುರಿಗೆ ಬಂದು ನುಡಿದರು. ಸರ್ಕಾರದ ಕಡೆಯಿಂದ ಒಬ್ಬರೂ ಬರಲಿಲ್ಲ. ಗುಪ್ತ ವರದಿಗಳ ಕಡತವೇ ಅದರ ಸಾಕ್ಷಿ. ಅದನ್ನು ಗ್ರೀನರಿಗೆ ತೋರಿಸಲಿಲ್ಲ. ಮಂಡಲಿಯ ತೀರ್ಮಾನ ಅವರಿಗೆ ವಿರುದ್ಧವಾಯಿತು.

ಅದೇ 1954ರ ಜೂನ್ 29ರಂದು ಅಣುಬಾಂಬಿನ ಜನಕನೆನಿಸಿದ ರಾಬರ್ಟ್ ಓಪನ್‌ಹೈಮರರ ರಹದಾರಿಯನ್ನು ಅಣುಶಕ್ತಿ ಆಯೋಗವು ನಾಲ್ಕು ಮತಗಳಿಗೆ ಒಂದರಂತೆ ನಿರಾಕರಿಸಿತು. ಸರಿಯಾಗಿ ಐದು ವರ್ಷಗಳ ಬಳಿಕ, 1959ರ ಜೂನ್ 29ರಂದು, ಸುಪ್ರೀಂ ಕೋರ್ಟು ಗ್ರೀನರ ಪರವಾಗಿ ತೀರ್ಪಿತ್ತಿತು. ಸಾಕ್ಷಿಯನ್ನು ಎದುರಿಗೆ ನಿಲ್ಲಿಸಿ ಪಾಟೀಸವಾಲು ಮಾಡಲು ಎಡೆಯಿಲ್ಲದಂತಹ ವಿಚಾರಣೆಗೆ ಅಧ್ಯಕ್ಷರಾಗಲಿ ಕಾಂಗ್ರೆಸ್ಸಾಗಲಿ ಅಧಿಕಾರ ಕೊಟ್ಟಿಲ್ಲವೆಂದು ಮುಖ್ಯ ನ್ಯಾಯಾಧೀಶ ಅರ್ಲ್ ವಾರೆನ್ನರು ಬರೆದರು. ರಾಜ್ಯದ ಸೈನಿಕ ರಹಸ್ಯಗಳನ್ನು ತಿಳಿಯುವ ಹಕ್ಕು ಯಾರಿಗೂ ಇಲ್ಲವೆಂದು ನ್ಯಾಯಾಧೀಶ ಕ್ಲಾರ್ಕರೊಬ್ಬರೇ ಭಿನ್ನಮತ ತಳೆದರು.

1960ರ ಫೆಬ್ರವರಿಯಲ್ಲಿ ಅಧ್ಯಕ್ಷ ಐಸೆನ್‌ಹೋವರರು ಹೊಸ ಆಜ್ಞೆ ಹೊರಡಿಸಿದರು. ಗುತ್ತಿಗೆ ಸಂಸ್ಥೆಗಳ ನೌಕರರಿಗೆ ಕಾರಣಗಳ ಲಿಖಿತ ವಿವರ, ವಿಚಾರಣೆ, ಪಾಟೀಸವಾಲು ಇವೆಲ್ಲ ದೊರೆತವು. ಗುಪ್ತಚರರ ವಿಷಯದಲ್ಲಿ ಮಾತ್ರ ವಿನಾಯಿತಿ ಉಳಿಯಿತು. ಕಳೆದುಕೊಂಡ ಸಂಬಳಕ್ಕೆ ಗ್ರೀನರು ಅರ್ಹರೆಂದು 1964ರಲ್ಲಿ ಅದೇ ನ್ಯಾಯಾಲಯ ಹೇಳಿತು.

ಆದರೆ ಕ್ಲಾರ್ಕರ ವಾದವೂ ಸಾಯಲಿಲ್ಲ. ರಹದಾರಿ ಪಡೆಯುವುದು ಯಾರ ಹಕ್ಕೂ ಅಲ್ಲವೆಂದು 1988ರಲ್ಲಿ, ನೌಕಾ ಇಲಾಖೆಯ ಇನ್ನೊಂದು ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟೇ ನುಡಿಯಿತು.

ರಹಸ್ಯವನ್ನು ಕಾಯುವುದು ರಾಜ್ಯದ ಧರ್ಮ, ಒಪ್ಪೋಣ. ದೂರಿದವರಾರೆಂದು ಕೇಳುವುದೂ ಮನುಷ್ಯನಿಗೆ ಸಹಜವಾದದ್ದೇ. ಓಪನ್‌ಹೈಮರರ ವಿರುದ್ಧದ ತೀರ್ಮಾನವನ್ನು ಅಮೆರಿಕ ಸರ್ಕಾರ ರದ್ದುಗೊಳಿಸಿದ್ದು 2022ರ ಡಿಸೆಂಬರಿನಲ್ಲಿ. ಆ ವಿಜ್ಞಾನಿ ತೀರಿಕೊಂಡು ಆಗಲೇ 55 ವರ್ಷಗಳಾಗಿದ್ದವು. ಗ್ರೀನರು ತಮ್ಮ ಗೆಲುವನ್ನು ಕಣ್ಣಾರೆ ಕಂಡರು. ಅಷ್ಟರಮಟ್ಟಿಗೆ ಅವರೇ ಭಾಗ್ಯವಂತರು.