ಮರದ ಮಂದಿರದ ಮರುಹುಟ್ಟು



ಕಲ್ಲಿನ ಕಟ್ಟಡವು ಪಾಳುಬಿದ್ದರೂ ತನ್ನ ಚರಿತ್ರೆಯನ್ನು ತಾನೇ ಹೇಳಿಕೊಳ್ಳಬಲ್ಲದು. ಮರದ ಕಟ್ಟಡವು ಬೂದಿಯಾದ ಮೇಲೆ ಅದರ ಪರವಾಗಿ ಸಾಕ್ಷಿ ನುಡಿಯುವವರಾರು? ಗ್ವೊಜ್ಜೆಟ್ಸ್ ಎಂಬ ಸಣ್ಣ ಊರಿನ ಯೆಹೂದ್ಯ ಪ್ರಾರ್ಥನಾಮಂದಿರದ ಕಥೆಯಲ್ಲಿ ಇದಕ್ಕೆ ಉತ್ತರವುಂಟು.

ಹಿಂದೆ ಪೋಲೆಂಡಿಗೆ ಸೇರಿದ್ದ ಈ ಊರು ಇಂದು ಉಕ್ರೇನಿನಲ್ಲಿದೆ. 17ನೆಯ ಶತಮಾನದಲ್ಲಿ ಅಲ್ಲಿಯ ಯೆಹೂದ್ಯರು ಮರದಿಂದಲೇ ತಮ್ಮ ಮಂದಿರವನ್ನು ಕಟ್ಟಿಕೊಂಡರು. ಹೊರಗೆ ಕಡಿದಾದ ಮಾಡು, ಸಾದಾ ಗೋಡೆ. ಒಳಹೊಕ್ಕರೆ ಡೇರೆಯಂತೆ ಮೇಲೇರುವ ಒಳಚಾವಣಿ. ಅದರ ತುಂಬ ಪ್ರಾಣಿಪಕ್ಷಿಗಳು, ಬಳ್ಳಿಹೂಗಳು, ದ್ವಾದಶ ರಾಶಿಗಳು, ಹೀಬ್ರೂ ಬರಹಗಳು. ಬಡ ಊರಿನ ಜನ ತಮ್ಮ ವೈಭವವನ್ನೆಲ್ಲ ಒಳಗೇ ಇರಿಸಿಕೊಂಡಿದ್ದರು.

ಮೊದಲನೆಯ ಮಹಾಯುದ್ಧದಲ್ಲಿ ಪೆಟ್ಟುತಿಂದ ಮಂದಿರವು ಎರಡನೆಯದರಲ್ಲಿ ನಾಟ್ಸಿಗಳಿಂದ ನಿರ್ನಾಮವಾಯಿತು. ಅಲ್ಲಿ ಪ್ರಾರ್ಥಿಸುತ್ತಿದ್ದ ಸಮುದಾಯವೂ ಹತವಾಯಿತು. ಉಳಿದುದು ಕಾಗದ ಮಾತ್ರ. ಅಲೋಯಿಸ್ ಬ್ರೇಯರ್ ಎಂಬ ವಾಸ್ತುಶಿಲ್ಪಿಯು ಮೊದಲನೆಯ ಯುದ್ಧಕ್ಕೆ ಮುಂಚೆಯೇ ಅದರ ಅಳತೆಗಳನ್ನೂ ಛಾಯಾಚಿತ್ರಗಳನ್ನೂ ತೆಗೆದಿದ್ದನು. ಇಸಿಡೋರ್ ಕಾಫ್‌ಮನ್ ಎಂಬ ಚಿತ್ರಕಾರನು 19ನೆಯ ಶತಮಾನದ ಕೊನೆಯಲ್ಲಿ ಅದರ ಒಳಾಂಗಣವನ್ನು ವರ್ಣಗಳಲ್ಲಿ ಬಿಡಿಸಿದ್ದನು. ಕಪ್ಪುಬಿಳುಪಿನ ಛಾಯಾಚಿತ್ರವು ರೂಪವನ್ನು ಕಾಪಾಡಿತು. ವರ್ಣಚಿತ್ರವು ಬಣ್ಣದ ಸುಳಿವನ್ನು ಉಳಿಸಿತು.

ಈ ಸಾಕ್ಷ್ಯಗಳನ್ನು ಹಿಡಿದು ಅಮೆರಿಕದ ಹ್ಯಾಂಡ್ಸ್‌ಹೌಸ್ ಸ್ಟುಡಿಯೋದವರು 2011ರಲ್ಲಿ ಪೋಲೆಂಡಿನ ಸಾನೋಕ್ ಊರಿನಲ್ಲಿ ಮರುನಿರ್ಮಾಣಕ್ಕೆ ತೊಡಗಿದರು. ಕುಶಲಿಗಳೂ ವಿದ್ಯಾರ್ಥಿಗಳೂ ಯಂತ್ರಗಳನ್ನು ಬದಿಗಿಟ್ಟು, ಕೊಡಲಿ, ಗರಗಸ, ಉಳಿಗಳಿಂದ ದಿಮ್ಮಿಗಳನ್ನು ಚೌಕಮಾಡಿ, ಕಚ್ಚುಗಳನ್ನು ಕೊರೆದು, ಒಂದಕ್ಕೊಂದು ಕೂಡಿಸಿದರು. ಬಳಿಕ ಬೇರೆ ಬೇರೆ ನಗರಗಳಲ್ಲಿ, ಮೊಲದ ಚರ್ಮದ ಅಂಟಿನಲ್ಲಿ ಕಲಸಿದ ಬಣ್ಣಗಳಿಂದ ಹಲಗೆಗಳನ್ನು ಚಿತ್ರಿಸಲಾಯಿತು. ಮೂಲದ ಶೇಕಡ 85ರ ಅಳತೆಯ ಆ ಮಾಡು ಮತ್ತು ಚಾವಣಿ ಇಂದು ವಾರ್ಸಾದ ಪೋಲಿನ್ ವಸ್ತುಸಂಗ್ರಹಾಲಯದಲ್ಲಿವೆ. ಅಲ್ಲಿಯ ಮುಖ್ಯ ಪ್ರದರ್ಶನವು 2014ರಲ್ಲಿ ತೆರೆಯಿತು.

ಇದು ಬರಿಯ ನಕಲಲ್ಲವೆ ಎಂದು ಯಾರಾದರೂ ಕೇಳಬಹುದು. ನಕಲೇ ಸರಿ. ಹೊಸ ಮರವು ಹಳೆಯ ಮರವಾಗದು. ಸತ್ತವರು ಆ ಬಾಗಿಲಿನಿಂದ ಮತ್ತೆ ಒಳಗೆ ಬರಲಾರರು. ಆದರೆ ಕಡಿದಾದ ಮಾಡಿನೊಳಗೆ ಡೇರೆಯಂಥ ಚಾವಣಿಯನ್ನು ಅಡಗಿಸಿದ ಬಗೆ ಎಂತಹುದು, ಒಂದು ಕಚ್ಚು ತೊಲೆಯ ಭಾರವನ್ನು ಹೊರುವುದು ಹೇಗೆ, ಇವು ಪುಸ್ತಕ ತಿರುವಿದರೆ ತಿಳಿಯುವ ವಿಷಯಗಳಲ್ಲ. ಅವನ್ನು ಕೈಯೇ ಕಲಿಯಬೇಕು. ಆ ಕಲಿಕೆಯೂ ಚರಿತ್ರೆಯ ಒಂದು ಆಧಾರವೇ.

ಆದುದರಿಂದ ಇಂದು ನಿಂತಿರುವ ಕಟ್ಟಡವನ್ನು ಅಳೆದು ಬರೆದಿಡುವವನ ಕೆಲಸವು ಅಲ್ಪವಾದುದಲ್ಲ. ಅವನ ಕಾಗದವು ಮುಂದೊಂದು ದಿನ, ನಾಶಮಾಡಿದವರ ಎದುರಿಗೆ, ಮರದ ಪರವಾಗಿ ಮಾತನಾಡೀತು.